ಮೆಟ್ರೊ ಬಂದರೆ ಕೆಲಸಕ್ಕೆ ಹೋಗೋದು ಸುಲಭವಾಗುತ್ತಾ?

ಈ ಪ್ರಶ್ನೆ ಬೇರೆ ಬೇರೆ ಊರಿನ ಹೆಸರಲ್ಲಿ ಬರುತ್ತಲೇ ಇದೆ. ಈ ಸಲ ಬಿಡಿಸಿ ಉತ್ತರ ಕೊಡುತ್ತೇನೆ.

ಪ್ರಶ್ನೆ: ನಾವು ಯಾದಗಿರಿ ಕಡೆಯವರು, ಮುಂಬೈನ ಮಾನ್‌ಖುರ್ದ್‌ನಲ್ಲಿದ್ದೇವೆ. ಹೆಂಡತಿ ಘಾಟ್‌ಕೋಪರ್‌ನಲ್ಲಿ ಮನೆಗೆಲಸಕ್ಕೆ ಹೋಗುತ್ತಾಳೆ, ಎರಡು ಬಸ್ ಹಿಡಿಯಬೇಕು. ಇಲ್ಲೇ ಪಕ್ಕದ ಮಂಡಾಳೆಯಿಂದ ಹೊರಡುವ ಮೆಟ್ರೊದಿಂದ ಅವಳ ಕಷ್ಟ ತೀರುತ್ತಾ?

ಉತ್ತರ: ಇಲ್ಲ. ಆ 2ಬಿ ಮೆಟ್ರೊ ಮಾರ್ಗ ಚೆಂಬೂರ್, ಕುರ್ಲಾ, ಬಾಂದ್ರಾ ಮೇಲೆ ಅಂಧೇರಿಯ ಡಿ.ಎನ್. ನಗರಕ್ಕೆ ಹೋಗುವಂಥದ್ದು. ಘಾಟ್‌ಕೋಪರ್ ಅದರ ದಾರಿಯಲ್ಲೇ ಇಲ್ಲ. ಹಳಿ ಹಾಕಿದರೆ ಬಡವರ ಕಷ್ಟ ಕಳೆಯಿತು ಎಂದು ಭಾಷಣ ಮಾಡುವವರನ್ನು ನಂಬಲೇಬೇಡಿ. 2014ರಲ್ಲಿ ಚೆಂಬೂರಿನಿಂದ ವಡಾಳಾಕ್ಕೆ ಮೊನೊರೈಲು ಬಂತು. ಅಂದುಕೊಂಡಷ್ಟು ಜನ ಹತ್ತಲಿಲ್ಲ, ಯಾಕೆಂದರೆ ಅವರ ಕೆಲಸ ಇದ್ದದ್ದು ಬೇರೆ ಕಡೆ.

ನೀವು ಕೇಳಬೇಕಾದ್ದು ಇದು: ಮೊದಲ ಬಸ್ ಎಷ್ಟೊತ್ತಿಗೆ? ಮಧ್ಯಾಹ್ನ ಎಷ್ಟು ನಿಮಿಷಕ್ಕೊಂದು? ಬಸ್ ಬದಲಿಸಿದರೆ ಮತ್ತೆ ಟಿಕೆಟ್ ತೆಗೆಯಬೇಕಾ? ನಮ್ಮ ವೇಳಾಪಟ್ಟಿಗಳೆಲ್ಲ ಬೆಳಿಗ್ಗೆ ಹೋಗಿ ಸಂಜೆ ಬರುವ ಆಫೀಸಿನವರ ಲೆಕ್ಕ. ಮನೆಗೆಲಸದವರು ನಸುಕಿಗೆ ಹೊರಟು ಮಧ್ಯಾಹ್ನ ಮರಳುತ್ತಾರೆ. ಆಗಲೇ ಬಸ್ ಕಮ್ಮಿ. ನಾಲ್ಕು ದಿನ ತಡವಾದರೆ ಆಫೀಸಿನವರಿಗೆ ಒಂದು ಮಾತು ಬೀಳಬಹುದು, ಇವರಿಗೆ ಆ ಮನೆಯ ಕೆಲಸವೇ ಕೈತಪ್ಪುತ್ತದೆ.

ಖರ್ಚೂ ನೋಡಿ. 2025ರ ಮೇನಲ್ಲಿ ಮುಂಬೈನ ನಗರ ಸಾರಿಗೆಯಾದ ಬೆಸ್ಟ್‌ನ ಬಸ್ಸಿನ ಕನಿಷ್ಠ ದರ 5 ರೂಪಾಯಿಯಿಂದ 10ಕ್ಕೆ ಏರಿತು. ಕನಿಷ್ಠ ದರವನ್ನೇ ಹಿಡಿದರೂ ಎರಡು ಬಸ್ಸಿಗೆ ಹೋಗಿಬರಲು 40 ರೂಪಾಯಿ, 26 ದಿನಕ್ಕೆ 1,040. ದುಡಿಯಲೆಂದೇ ಇಷ್ಟು ಸುರಿಯಬೇಕಾ? ಒಂದೇ ಟಿಕೆಟ್‌ನಲ್ಲಿ ಒಂದೂವರೆ ಗಂಟೆ ಯಾವ ಬಸ್ ಬೇಕಾದರೂ ಹತ್ತುವ ವ್ಯವಸ್ಥೆ ಮಾಡಿದರೆ ಇದು ಅರ್ಧಕ್ಕಿಳಿಯುತ್ತದೆ. ಅದಕ್ಕೆ ಹೊಸ ಕಂಬ ನೆಡಬೇಕಿಲ್ಲ, ಸುರಂಗ ಕೊರೆಯಬೇಕಿಲ್ಲ.

ಹಳಿ ಪಕ್ಕದ, ಪೈಪ್‌ಲೈನ್ ಪಕ್ಕದ ಜೋಪಡಿಗಳನ್ನು ಕೆಡವಿ ಮಾನ್‌ಖುರ್ದ್, ಮಾಹುಲ್‌ಗಳಲ್ಲಿ ಮನೆ ಕೊಟ್ಟರು. ಸೂರು ಸಿಕ್ಕಿತು, ನಡೆದು ಹೋಗುತ್ತಿದ್ದ ಕೆಲಸ ದೂರವಾಯಿತು. ಮನೆಯ ಕೀಲಿ ಕೊಡುವ ದಿನವೇ ಬಸ್ಸೂ ಓಡಬೇಕಿತ್ತು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನಿಮ್ಮ ಗಲ್ಲಿಯಿಂದ ಅದೇ ಹೊತ್ತಿಗೆ ಅದೇ ಕಡೆ ಹೋಗುವ ಹೆಂಗಸರನ್ನು ಸೇರಿಸಿ. ಎಲ್ಲಿಂದ, ಎಲ್ಲಿಗೆ, ಎಷ್ಟೊತ್ತಿಗೆ, ಎಷ್ಟು ಮಂದಿ ಎಂದು ಬರೆದು, ಸಹಿ ಹಾಕಿಸಿ, ಡಿಪೊದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ‘ಬಸ್ ಜಾಸ್ತಿ ಬಿಡಿ’ ಎಂದು ಸುಮ್ನೆ ಬರೆದರೆ ಯಾರೂ ಓದುವುದಿಲ್ಲ. ‘ಬೆಳಿಗ್ಗೆ ಐದೂವರೆಗೆ, ಘಾಟ್‌ಕೋಪರ್‌ಗೆ ನೇರ ಬಸ್’ ಎಂದು ಬರೆಯಿರಿ.

ಪ್ರಶ್ನೆ: ದರ ಇಳಿಸಿದರೆ ಬೆಸ್ಟ್ ಮುಳುಗುವುದಿಲ್ಲವಾ?

ಉತ್ತರ: ಮುಂಬೈನ ಕಡಲಂಚಿನ ಕೋಸ್ಟಲ್ ರೋಡ್‌ನಲ್ಲಿ ಕಾರಿನವರು ಟೋಲ್ ಕೊಡದೆ ಓಡಾಡುತ್ತಾರೆ, ಅದರ ಲಾಭ-ನಷ್ಟ ಯಾರೂ ಕೇಳುವುದಿಲ್ಲ, ಅಲ್ವಾ?

ಪ್ರಶ್ನೆ: ಮುಂಬೈ ಹೊರವಲಯದ ನಾಲಾಸೋಪಾರಾದಲ್ಲಿ ‘ಸ್ಟೇಷನ್ನಿಗೆ ಐದೇ ನಿಮಿಷ’ ಎಂದು ಏಜೆಂಟ್ ರೂಮ್ ತೋರಿಸಿದ್ದಾನೆ. ತಗೊಳ್ಳಲಾ?

ಉತ್ತರ: ಬೆಳಿಗ್ಗೆ ಎಂಟು ಗಂಟೆಗೆ ಅಲ್ಲಿಂದ ಕಿಕ್ಕಿರಿದ ಚರ್ಚ್‌ಗೇಟ್ ಲೋಕಲ್ ರೈಲು ಹತ್ತಿ ನೋಡುವವರೆಗೆ ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ.