ಸಹಿ ಹಾಕಿದ್ದು ಈ ಮಕ್ಕಳಾ?

ಪ್ರಶ್ನೆ: ವಕೀಲರೇ, ನಮ್ಮದು 15 ಹೆಂಗಸರ ಉಳಿತಾಯ ಸಂಘ. ಲೆಕ್ಕ ನೋಡುವಾಗ 4,200 ರೂಪಾಯಿ ಬ್ಯಾಂಕಿಗೆ ಕಟ್ಟೇ ಇಲ್ಲ ಅಂತ ಗೊತ್ತಾಯಿತು. ಪ್ರತಿನಿಧಿಯನ್ನು ಕೇಳಿದೆ. ಅವರು ಗಂಡನ ಕಾಯಿಲೆ, ಮಗಳ ಫೀಸು ಎಲ್ಲ ಹೇಳಿಕೊಂಡು ಅತ್ತುಬಿಟ್ಟರು. ಉಳಿದವರು ನನ್ನ ಮೇಲೇ ತಿರುಗಿಬಿದ್ದರು. 'ನಿಂಗೆ ಕರುಳು ಅನ್ನೋದು ಇಲ್ವೇನೇ?' ಅಂದರು. ದುಡ್ಡಿನ ಮಾತು ಅಲ್ಲಿಗೇ ನಿಂತಿತು. ನಾನು ಕೇಳಿದ್ದು ತಪ್ಪಾ?
— ಹೆಸರು ಬೇಡ, ಅರಸೀಕೆರೆ

ಉತ್ತರ: ತಪ್ಪೇನಿಲ್ಲ ತಂಗಿ. ಅವರು ಸುಳ್ಳು ಸುಳ್ಳೇ ಅತ್ತರು ಅಂತಲೂ ನಾನು ಹೇಳುವುದಿಲ್ಲ. ಗಂಡನಿಗೆ ನಿಜವಾಗಿಯೂ ಹುಷಾರಿಲ್ಲದೆ ಇರಬಹುದು. ಆದರೆ ನೀವು ಕೇಳಿದ್ದು ದುಡ್ಡು ಎಲ್ಲಿ ಅಂತ, ಅವರು ಹೇಳಿದ್ದು ಕಷ್ಟ ಎಷ್ಟು ಅಂತ. ಎರಡಕ್ಕೂ ತಾಳೆಯೇ ಇಲ್ಲ. ಆದರೂ ಸಭೆ ಮುಗಿದುಹೋಯಿತು, ಅಲ್ವಾ? ಕನಿಕರದ ಕುತರ್ಕ ಅಂದರೆ ಇದೇ.

ಈ ಆಟ ನಾನೂ ಆಡಿದ್ದೇನೆ. ವಕೀಲಿ ಶುರು ಮಾಡಿದ ಎರಡನೇ ವರ್ಷ, ಒಂದು ಚೆಕ್ ಬೌನ್ಸ್ ಕೇಸು. ನಮ್ಮ ಕಡೆ ದಾಖಲೆ ಅನ್ನೋದು ಒಂದು ಚೂರೂ ಇರಲಿಲ್ಲ. ಕಕ್ಷಿದಾರನ ಎರಡು ಮಕ್ಕಳನ್ನು ಸ್ಕೂಲ್ ಯೂನಿಫಾರಂನಲ್ಲೇ ಕರೆಸಿ ಮುಂದಿನ ಬೆಂಚಿನಲ್ಲಿ ಕೂರಿಸಿದೆ. ಚಿಕ್ಕವಳ ಚಪ್ಪಲಿ ಕಿತ್ತುಹೋಗಿತ್ತು, ಪಿನ್ನು ಚುಚ್ಚಿದ್ದರು. ಅದು ಕಾಣುವ ಹಾಗೆ ಕೂರಿಸಿದ್ದೂ ನಾನೇ! ವಾದದಲ್ಲಿ ಕಾನೂನಿಗಿಂತ ಆ ಮಕ್ಕಳ ಮಾತೇ ಜಾಸ್ತಿ ಆಯಿತು. ಜಡ್ಜ್ ಸಾಹೇಬರು ಕನ್ನಡಕದ ಮೇಲಿಂದ ನೋಡಿ, ಮೆಲ್ಲಗೆ, 'ವಕೀಲರೇ, ಚೆಕ್ಕಿಗೆ ಸಹಿ ಹಾಕಿದ್ದು ಈ ಮಕ್ಕಳಾ?' ಅಂದರು. ಟೈಪಿಸ್ಟ್ ಕೂಡ ನಕ್ಕುಬಿಟ್ಟ.

ಬಹಳ ಹಳೇ ಚಾಳಿ ಇದು. ಹಿಂದಿನ ಕಾಲದ ಗ್ರೀಸಿನ ಅಥೆನ್ಸ್‌ನಲ್ಲಿ ಆರೋಪಿಗಳು ಮಕ್ಕಳನ್ನು ಕರೆತಂದು ಅಳಿಸುವುದು ಮಾಮೂಲಾಗಿತ್ತು. ಅಲ್ಲಿನ ನಾಟಕಕಾರ ಅರಿಸ್ಟೋಫೇನಿಸ್ ಕ್ರಿ.ಪೂ. 422ರ ನಾಟಕವೊಂದರಲ್ಲಿ ಇದನ್ನು ಗೇಲಿ ಮಾಡಿದ್ದಾನೆ: ಚೀಸ್ ಕದ್ದ ನಾಯಿಯ ವಿಚಾರಣೆ, ಕೊನೆಗೆ ಕುಂಯ್‌ಗುಡುವ ಮರಿಗಳು ಹಾಜರ್! ಕ್ರಿ.ಪೂ. 399ರಲ್ಲಿ ತತ್ವಜ್ಞಾನಿ ಸಾಕ್ರಟೀಸ್ ಮಾತ್ರ, ತನ್ನದೇ ವಿಚಾರಣೆ ನಡೆದಾಗ, ನನಗೂ ಮೂವರು ಗಂಡುಮಕ್ಕಳಿದ್ದಾರೆ, ಅವರನ್ನು ಇಲ್ಲಿಗೆ ತಂದು ಬೇಡುವುದಿಲ್ಲ ಅಂದನಂತೆ. ಅವನ ಶಿಷ್ಯ ಪ್ಲೇಟೋ ಬರೆದಿಟ್ಟಿದ್ದಾನೆ. ಸಾಕ್ರಟೀಸನಿಗೆ ಮರಣದಂಡನೆಯೇ ಆಯಿತು, ಅದು ಬೇರೆ ಮಾತು.

ಹಾಗಂತ ಕನಿಕರಕ್ಕೆ ಜಾಗವೇ ಇಲ್ಲ ಅಂತಲ್ಲ. ನಮ್ಮ ಸೆಷನ್ಸ್ ಕೋರ್ಟಿನಲ್ಲೇ ನೋಡಿ. ಮೊದಲು ತಪ್ಪು ಮಾಡಿದ್ದು ಹೌದೋ ಅಲ್ಲವೋ ಅನ್ನುವ ತೀರ್ಮಾನ. ಹೌದು ಅಂತಾದ ಮೇಲೆ ಶಿಕ್ಷೆ ಎಷ್ಟು ಅನ್ನುವುದಕ್ಕೆ ಬೇರೆಯಾಗಿ ವಾದ ಕೇಳುತ್ತಾರೆ. 1973ರ ದಂಡ ಪ್ರಕ್ರಿಯಾ ಸಂಹಿತೆ ಇದಕ್ಕೆ ಜಾಗ ಮಾಡಿತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಉಳಿದಿದೆ. ವಯಸ್ಸಾದ ತಾಯಿ, ಚಿಕ್ಕ ಮಕ್ಕಳು, ಎಲ್ಲ ಆಗ ಲೆಕ್ಕಕ್ಕೆ ಬರುತ್ತಾರೆ.

ನೀವೂ ಹಾಗೇ ಮಾಡಿ. ಮುಂದಿನ ಸಭೆಯಲ್ಲಿ ಪಾಸ್‌ಬುಕ್ಕು, ಲೆಕ್ಕದ ಪುಸ್ತಕ ಎರಡನ್ನೂ ಪಕ್ಕಪಕ್ಕ ಇಡಿ. 4,200 ಕಡಿಮೆ ಇದೆ ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿ, ಎಲ್ಲರ ಸಹಿ ಹಾಕಿಸಿ. ಅದಾದ ಮೇಲೆ ಕಂತು ಮಾಡಿಕೊಡೋಣವಾ, ಬಡ್ಡಿ ಬಿಡೋಣವಾ ಅಂತ ಮಾತಾಡಿ. ತಿಂಗಳಿಗೆ 300ರಂತೆ ಕಟ್ಟಿದರೆ 14 ತಿಂಗಳು ಬೇಕು. ಅಷ್ಟು ದಿನ ಕಾಯಲು ಒಪ್ಪಿಗೆಯಾ ಅಂತ, ನಿಮಗೆ ಕರುಳಿಲ್ಲ ಅಂದವರನ್ನೇ ಮೊದಲು ಕೇಳಿ.