ಮಣಿಕಟ್ಟಿನ ಕೀಲನ್ನು ಪೂರ್ತಿ ಬದಲಿಸಿದರೆ ಫಲಿತಾಂಶ ಹೇಗಿರುತ್ತದೆ?

ನೋವಿನ ಮಟ್ಟಿಗೆ ಒಳ್ಳೆಯ ಫಲಿತಾಂಶವೇ. ಹೆಚ್ಚಿನವರಿಗೆ ನೋವು ಗಣನೀಯವಾಗಿ ತಗ್ಗುತ್ತದೆ. ಚಲನೆ ಮಾತ್ರ ಆರೋಗ್ಯವಂತ ಕೈಯಷ್ಟು ಮರಳುವುದಿಲ್ಲ. ಬಹಳಷ್ಟು ಮಂದಿಗೆ ಶಸ್ತ್ರಚಿಕಿತ್ಸೆಗೆ ಮುಂಚೆ ಇದ್ದಷ್ಟು, ಇಲ್ಲವೇ ಸ್ವಲ್ಪ ಹೆಚ್ಚು ಸಿಗುತ್ತದೆ. ಗುಂಡಿ ಹಾಕಲು, ತಲೆ ಬಾಚಲು, ಶೌಚದ ನಂತರ ತೊಳೆದುಕೊಳ್ಳಲು ಅಷ್ಟು ಸಾಕಾಗುತ್ತದೆ. ಸಂಧಿವಾತದಿಂದ ಎರಡೂ ಮಣಿಕಟ್ಟು ಹಾಳಾದವರಿಗೆ ಇದು ಸಣ್ಣ ಮಾತಲ್ಲ.

ನಿಜವಾದ ಚಿಂತೆ ಬಾಳಿಕೆಯದು. ಸೊಂಟ, ಮಂಡಿಯ ಕೃತಕ ಕೀಲುಗಳಷ್ಟು ಭರವಸೆ ಇಲ್ಲಿಲ್ಲ. ಹಳೆಯ ಸಿಲಿಕೋನ್ ಕೀಲುಗಳು ಒಳಗೇ ಮುರಿಯುತ್ತಿದ್ದವು. ಲೋಹ ಮತ್ತು ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಈಗಿನ ಕೀಲುಗಳು ಎಷ್ಟೋ ವಾಸಿ. ಆದರೂ ಕೃತಕ ಕೀಲಿನ ಎರಡು ತುದಿಗಳಲ್ಲಿ ಅಂಗೈ ಕಡೆಯದು ಸಡಿಲವಾಗುವ ತೊಂದರೆ ಉಳಿದೇ ಇದೆ. ಅಲ್ಲಿನ ಮೂಳೆಗಳು ಪುಟ್ಟವು, ಸಂಧಿವಾತವಿದ್ದರೆ ಮೆತ್ತಗೂ ಆಗಿರುತ್ತವೆ. ತೀರಾ ಸಡಿಲವಾದರೆ ಕೀಲನ್ನು ಮತ್ತೆ ಬದಲಿಸಬೇಕು, ಅಥವಾ ತೆಗೆದು ಮೂಳೆ ಕಸಿ ಮಾಡಿ ಮಣಿಕಟ್ಟನ್ನು ಬೆಸೆಯಬೇಕು, ಅಂದರೆ ಅಲ್ಲಿನ ಮೂಳೆಗಳು ಒಂದಾಗಿ ಕೂಡಿಕೊಳ್ಳುವಂತೆ ಮಾಡಬೇಕು.

ಆದ್ದರಿಂದ ಭಾರ ಎತ್ತಿ ದುಡಿಯುವವರಿಗೆ, ಊರುಗೋಲು ಹಿಡಿದು ನಡೆಯುವವರಿಗೆ ಮೊದಲೇ ಬೆಸೆಯುವುದು ಮೇಲು ಎಂದೇ ನನ್ನ ಅಭಿಪ್ರಾಯ. ಬೆಸೆದರೆ ಮಣಿಕಟ್ಟು ಬಾಗುವುದಿಲ್ಲ, ಆದರೆ ಅಂಗೈಯನ್ನು ಮೇಲೆ ಕೆಳಗೆ ತಿರುಗಿಸುವ ಚಲನೆ ಸಾಮಾನ್ಯವಾಗಿ ಉಳಿಯುತ್ತದೆ.