ಶಿರಸಿ ಕಡೆಯ ಹಳ್ಳಿಯಲ್ಲಿ ಸೊಸೈಟಿಯೇ ಇಂಟರ್ನೆಟ್ ಲೈನ್ ಹಾಕಿಸಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಊರಲ್ಲಿ 45 ಮನೆ, ಎಲ್ಲವೂ ತೋಟದ ಅಂಚಿಗೆ ಚದುರಿಕೊಂಡಿವೆ. ಫೈಬರ್ ಪಂಚಾಯ್ತಿ ಕಚೇರಿವರೆಗೆ ಬಂದು ನಿಂತಿದೆ, ಅಲ್ಲಿಂದ ಊರಿಗೆ 4 ಕಿ.ಮೀ. ಯಾವ ಕಂಪನಿಯೂ ಮುಂದೆ ಬರುತ್ತಿಲ್ಲ. ಸೇವಾ ಸಹಕಾರಿ ಸಂಘವೇ ಈ ಕೆಲಸಕ್ಕೆ ಕೈಹಾಕಬಹುದೇ?

ಹಾಕಬಹುದು. ಆದರೆ ಸಂಘ ಇಂಟರ್ನೆಟ್ ಮಾರಲು ಹೋಗಬಾರದು. ಕೇಬಲ್, ಕಂಬ, ಪೆಟ್ಟಿಗೆಗಳ ಒಡೆತನ ಮಾತ್ರ ಇಟ್ಟುಕೊಳ್ಳಬೇಕು. ಇಂಟರ್ನೆಟ್ ಸೇವೆಗೆ ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು: ಎ ದರ್ಜೆ ಇಡೀ ದೇಶಕ್ಕೆ, ಬಿ ಒಂದು ಸರ್ಕಲ್‌ಗೆ (ಹೆಚ್ಚುಕಡಿಮೆ ಒಂದು ರಾಜ್ಯ), ಸಿ ಒಂದು ಎಸ್‌ಎಸ್‌ಎಗೆ, ಅಂದರೆ ಸುಮಾರು ಒಂದು ಜಿಲ್ಲೆಯಷ್ಟು ದೂರವಾಣಿ ವಲಯಕ್ಕೆ (ನಮ್ಮದು ಕಾರವಾರ ಎಸ್‌ಎಸ್‌ಎ). ಏಕೀಕೃತ ಪರವಾನಗಿ ಪದ್ಧತಿಯಲ್ಲಿ ಅರ್ಜಿದಾರರು ಕಂಪನಿ ಕಾಯ್ದೆಯಡಿ ನೋಂದಣಿಯಾದ ಕಂಪನಿಯೇ ಆಗಿರಬೇಕು, ಸಹಕಾರ ಸಂಘಕ್ಕೆ ಅದು ಸಿಗುವುದಿಲ್ಲ. ಆದ್ದರಿಂದ ಪರವಾನಗಿ ಇರುವವರ ಜೊತೆ ಸ್ಥಳೀಯ ಪಾಲುದಾರನಾಗಿ ಕರಾರು ಮಾಡಿಕೊಳ್ಳಿ. ಬಿಎಸ್‌ಎನ್‌ಎಲ್ ಫೈಬರ್ ಸೇವೆ ಹಳ್ಳಿಗಳಲ್ಲಿ ನಡೆಯುವುದೇ ಹೀಗೆ, ಕೊನೆಯ ತುಂಡಿನ ಕೇಬಲ್ ಪಾಲುದಾರನದು, ಆದಾಯದಲ್ಲಿ ಪಾಲು. ಸಂಘದ ಕಟ್ಟಡ, ಡೇರಿ, ಪಡಿತರ ಅಂಗಡಿಯಂಥ ಕಡೆ ವೈಫೈ ಕೊಡುವುದಷ್ಟೇ ಆದರೆ 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಪಡೆದ ಕೇಂದ್ರದ ಸಾರ್ವಜನಿಕ ವೈಫೈ ಯೋಜನೆ ಪಿಎಂ-ವಾಣಿ ಸಾಕು. ಅದರಲ್ಲಿ ವೈಫೈ ಕೊಡುವ ಪಿಡಿಒಗೆ (ಪಬ್ಲಿಕ್ ಡೇಟಾ ಆಫೀಸ್, ಪಂಚಾಯ್ತಿಯ ಪಿಡಿಒ ಅಲ್ಲ) ಪರವಾನಗಿಯೂ ಬೇಡ, ಶುಲ್ಕವೂ ಇಲ್ಲ. ಒಬ್ಬರ ಮನೆಯ ಕನೆಕ್ಷನ್ ತಂದು ಊರಿಗೆಲ್ಲ ಹಂಚುವ ಯೋಚನೆ ಬಿಟ್ಟುಬಿಡಿ. ಕರಾರಿನ ಉಲ್ಲಂಘನೆ ಒಂದು ಕಡೆ, ಯಾರೋ ಮಾಡಿದ ತಪ್ಪಿಗೆ ಪೊಲೀಸರು ಬರುವುದು ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರ ಮನೆಗೆ.

ಹಣಕ್ಕಿಂತ ಮೊದಲು ದಾರಿ ನೋಡಿ. ಈ ಜಿಲ್ಲೆಯಲ್ಲಿ ಕೆಲಸ ನಿಲ್ಲುವುದು ಹೆಚ್ಚಾಗಿ ಅಲ್ಲೇ. ತೋಟಕ್ಕೆಂದು ಬಿಟ್ಟ ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು, ದರಕು (ಒಣ ಎಲೆ) ತರುವ ಹಕ್ಕು ನಿಮಗಿರಬಹುದು, ಕಂಬ ನೆಡುವ ಹಕ್ಕು ಇಲ್ಲ. ಅದು ಅರಣ್ಯ ಭೂಮಿಯೇ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ವಿದ್ಯುತ್ ಮತ್ತು ದೂರಸಂಪರ್ಕ ತಂತಿಗೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಜಾಗ ಬಳಸಲು ಅವಕಾಶ ಕೊಡುತ್ತದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕೇ ಬೇಕು. ಆದರೆ ಆ ಅವಕಾಶ ಸರ್ಕಾರ ನಿರ್ವಹಿಸುವ ಸೌಲಭ್ಯಕ್ಕೆ ಮಾತ್ರ. ಹಾಗಾಗಿ ಕಾಡು ದಾಟುವ ತುಂಡನ್ನು ಪಂಚಾಯ್ತಿ ಅಥವಾ ಬಿಎಸ್‌ಎನ್‌ಎಲ್ ಹೆಸರಿನಲ್ಲಿ ಮಾಡಿಸಿ, ಮಾಲ್ಕಿ ಜಮೀನಿನದ್ದನ್ನು ಸಂಘದ ಹೆಸರಿನಲ್ಲಿ ಇಟ್ಟುಕೊಳ್ಳಿ. ಹೆಸ್ಕಾಂ ಕಂಬ ಬಳಸುವುದಾದರೆ ಲಿಖಿತ ಅನುಮತಿ ಇರಲಿ. ಲೈನ್‌ಮನ್ ಬಾಯಿಮಾತಿನ ಮೇಲೆ ಎಳೆದ ಕೇಬಲ್ ಮುಂದಿನ ಕಂಬ ಬದಲಾವಣೆಯಲ್ಲಿ ನೆಲಕ್ಕೆ ಬೀಳುತ್ತದೆ.

ಈಗ ಲೆಕ್ಕ. ಒಂದೇ ಎಳೆಯಿಂದ ಹಲವು ಮನೆಗೆ ಬೆಳಕು ಹಂಚುವ ಜಿಪಾನ್ ಪದ್ಧತಿಯ ಬಿ-ಪ್ಲಸ್ ಉಪಕರಣ 28 ಡಿಬಿ (ಡೆಸಿಬೆಲ್, ಬೆಳಕಿನ ನಷ್ಟದ ಅಳತೆ) ನಷ್ಟದವರೆಗೆ ತಡೆಯುತ್ತದೆ. 4 ಕಿ.ಮೀ. ಕೇಬಲ್ಲಿಗೆ 1.4, ನಾಲ್ಕು ಕನೆಕ್ಟರಿಗೆ 2, ಹತ್ತು ಜೋಡಣೆಗೆ 1. ಇದರ ಮೇಲೆ ಬೆಳಕನ್ನು ಕವಲಾಗಿಸುವ ಸ್ಪ್ಲಿಟರ್. ಒಂದಕ್ಕೆ ಎಂಟರ ಸ್ಪ್ಲಿಟರ್ ಎರಡು ಹಂತದಲ್ಲಿ ಹಾಕಿದರೆ ಸುಮಾರು 21, ಒಟ್ಟು 25.4. ಕಾಗದದ ಮೇಲೆ ನಡೆಯುತ್ತದೆ. ಮಳೆಗಾಲದಲ್ಲಿ ಕೊಂಬೆ ಬಿದ್ದು ಕೇಬಲ್ ತುಂಡಾಗಿ, ಕತ್ತಲಲ್ಲಿ ಅವಸರದಲ್ಲಿ ಜೋಡಿಸಿದ ಮೇಲೆ ತುದಿಯ ಮನೆಗಳ ಮೋಡೆಮ್‌ನಲ್ಲಿ ಕೆಂಪು ದೀಪ ಮಿನುಗಲು ಶುರುವಾಗುತ್ತದೆ. ಮೊದಲ ಹಂತ ಒಂದಕ್ಕೆ ನಾಲ್ಕು, ಎರಡನೆಯದು ಒಂದಕ್ಕೆ ಎಂಟು ಮಾಡಿ: ಒಟ್ಟು 22.2, ಉಳಿಕೆ ಸುಮಾರು 6 ಡಿಬಿ. ಉಪಕರಣದ ಒಂದು ಪೋರ್ಟಿಗೆ 32 ಮನೆ ಆಗುವುದರಿಂದ 45 ಮನೆಗೆ ಎರಡು ಪೋರ್ಟ್ ಬೇಕು. ಖರ್ಚು ಸ್ವಲ್ಪ ಹೆಚ್ಚು, ನಾನಂತೂ ಇದನ್ನೇ ಹೇಳುತ್ತೇನೆ. ಬೆಳಕಿನ ಬಲ ಅಳೆಯುವ ಪವರ್ ಮೀಟರ್‌ನಲ್ಲಿ ಪ್ರತಿ ಮನೆಯ ಅಳತೆ ಮೈನಸ್ 24 ಡಿಬಿಎಂಗಿಂತ ಕೆಳಗೆ ಹೋಗದಂತೆ ನೋಡಿ, ಹಾಕಿದ ದಿನದ ಅಂಕಿಯನ್ನು ರಿಜಿಸ್ಟರಿನಲ್ಲಿ ಬರೆದಿಡಿ. ಹಸಿರು ಕನೆಕ್ಟರಿಗೆ ನೀಲಿ ಜೋಡಿಸಿದರೆ ಅದೊಂದರಲ್ಲೇ ಹಲವು ಡಿಬಿ ಹೋಗುತ್ತದೆ.

ಕೇಬಲ್ ಎಡಿಎಸ್‌ಎಸ್ ಮಾದರಿಯದೇ ಇರಲಿ, ಅದರಲ್ಲಿ ಲೋಹ ಇಲ್ಲ, ಸಿಡಿಲು ಅದರ ಮೂಲಕ ಹರಿಯುವುದಿಲ್ಲ. ತಾಮ್ರದ ಲ್ಯಾನ್ ಕೇಬಲ್ಲನ್ನು ಮನೆಯಿಂದ ಮನೆಗೆ ಎಳೆಯಬೇಡಿ. ಏಪ್ರಿಲ್‌ನ ಮೊದಲ ಗುಡುಗಿಗೇ ಪೋರ್ಟುಗಳು ಸುಟ್ಟುಹೋಗುತ್ತವೆ. ಅಡಿಕೆ ಮರಕ್ಕೆ ಕೇಬಲ್ ಕಟ್ಟುವುದೂ ಬೇಡ. ಮರ ಗಾಳಿಗೆ ತೂಗಿದಂತೆ ಕಟ್ಟಿದ ಜಾಗದಲ್ಲಿ ಸವೆಯುತ್ತದೆ, ಸೋಗೆ ಬೀಳುತ್ತದೆ, ಕೊನೆ ಇಳಿಸುವ ಕೊನೆಗೌಡ ಮರದಿಂದ ಮರಕ್ಕೆ ದಾಟುವಾಗ ಅಡ್ಡವಾಗುತ್ತದೆ. ಪೆಟ್ಟಿಗೆಗಳಿಗೆ ಕೇಬಲ್ ಕೆಳಗಿನಿಂದಲೇ ಒಳಹೋಗಬೇಕು. ಹೋಗುವ ಮೊದಲು ಒಂದು ಗೇಣು ಕೆಳಗೆ ಜೋತು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಬಳಸದ ತೂತುಗಳಿಗೆ ಬಿರಡೆ ಹಾಕಿ, ಇಲ್ಲದಿದ್ದರೆ ಇರುವೆ ಗೂಡು ಕಟ್ಟುತ್ತದೆ. ಎಳೆಯುವ ಕೆಲಸ ಕೊಯ್ಲು ಮುಗಿದ ಮೇಲೆ, ಫೆಬ್ರವರಿ–ಮಾರ್ಚ್‌ನಲ್ಲಿ ಮಾಡಿ.

ವೈರ್‌ಲೆಸ್ ಬಗ್ಗೆಯೂ ಕೇಳಿದ್ದೀರಿ. 5.8 ಗಿಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ, ಗುಡ್ಡದಿಂದ ಗುಡ್ಡಕ್ಕೆ ಚೆನ್ನಾಗಿ ನಡೆಯುತ್ತದೆ. ಆದರೆ 5 ಕಿ.ಮೀ. ಅಂತರದಲ್ಲಿ ನೇರ ನೋಟದ ಗೆರೆಯ ಸುತ್ತ ನಡುಭಾಗದಲ್ಲಿ ಸುಮಾರು 5 ಮೀಟರ್ ಖಾಲಿ ಇರಬೇಕು. ತೊಯ್ದ ಎಲೆ ಸಿಗ್ನಲ್ ನುಂಗುತ್ತದೆ. ಬೇಸಿಗೆಯಲ್ಲಿ ಪರೀಕ್ಷಿಸಿ ಹಾಕಿದ ಲಿಂಕ್ ಜುಲೈನಲ್ಲಿ ಸತ್ತರೆ ಆಶ್ಚರ್ಯವಿಲ್ಲ.

ಇನ್ನು ಕರಾರು. ಕೇಬಲ್ ಕನಿಷ್ಠ 12 ಎಳೆಯದು ಹಾಕಿಸಿ. ಎರಡು ಎಳೆ ಈಗಿನ ಸೇವಾದಾರರಿಗೆ, ಉಳಿದವು ಖಾಲಿ ಇರಲಿ. ಕೇಬಲ್ ಸಂಘದ್ದು, ಯಾರಿಗೂ ಏಕಸ್ವಾಮ್ಯ ಇಲ್ಲ, ಇನ್ನೊಬ್ಬ ಪರವಾನಗಿದಾರ ಬಂದರೆ ಅದೇ ದರ, ಅದೇ ಷರತ್ತಿನಲ್ಲಿ ಪಾಲುದಾರಿಕೆ ಎಂದು ಬರೆಸಿ. ಈ ಸಾಲು ಇಲ್ಲದ ಕರಾರಿಗೆ ಸಹಿ ಹಾಕಬೇಡಿ. ಊರಿನ ದುಡ್ಡಿನಲ್ಲಿ ಒಬ್ಬರಿಗೆ ಗುತ್ತಿಗೆ ಬರೆದುಕೊಟ್ಟಂತಾಗುತ್ತದೆ.

ಆ್ಯಪ್ ನೋಡಿ ದರ ಬೇರೆ ಮಾಡುವುದನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2016ರ ಫೆಬ್ರವರಿಯಲ್ಲೇ ನಿಷೇಧಿಸಿದೆ. ಕೆಲವು ತಾಣಗಳನ್ನು ತಡೆಯುವುದು, ನಿಧಾನ ಮಾಡುವುದು ಕೂಡದೆಂದು 2018ರಲ್ಲಿ ಪರವಾನಗಿ ಷರತ್ತಿಗೇ ಸೇರಿತು. ಸಂಜೆ ಎಲ್ಲರೂ ವಿಡಿಯೊ ಹಚ್ಚಿದಾಗ ನಿಧಾನವಾದರೆ ಯೂಟ್ಯೂಬ್ ಕಟ್ಟಿಹಾಕಲು ಹೋಗಬೇಡಿ, ಮನೆಮನೆಗೆ ಸಮಪಾಲು ಹಂಚುವ ವ್ಯವಸ್ಥೆ (ಕ್ಯೂ) ಹಾಕಿಸಿ. 45 ಮನೆಗೆ ಸಂಜೆಯ ಹೊತ್ತು ತಲಾ 3 ಎಂಬಿಪಿಎಸ್ ಹಿಡಿದರೂ 135 ಆಗುತ್ತದೆ; 200ಕ್ಕೆ ಕಡಿಮೆ ಒಪ್ಪಬೇಡಿ. ಸಂಘದ ಸ್ವಂತ ಸರ್ವರಿನಲ್ಲಿ ಅಡಿಕೆ ಧಾರಣೆ, ಸದಸ್ಯರ ಖಾತೆ ವಿವರ ಇಟ್ಟು ಊರೊಳಗೆ ಪುಕ್ಕಟೆ ಕೊಡಬೇಕೆಂದರೆ ತೊಂದರೆಯಿಲ್ಲ. ಇಂಟರ್ನೆಟ್ ಮುಟ್ಟದ ಒಳಜಾಲಕ್ಕೆ 2016ರ ನಿಯಮ ವಿನಾಯಿತಿ ಕೊಟ್ಟಿದೆ, ಅದನ್ನೇ ನೆಪ ಮಾಡಿ ನಿಯಮ ತಪ್ಪಿಸದಿದ್ದರಾಯಿತು.